ಹದಿನಾರು ಗಾದಿ, ಒಂದು ರಾತ್ರಿ

ನಾನು ರಾಜೇಸಾಬ ನದಾಫ.
ಮುಂಡರಗಿ ಬಸ್‌ಸ್ಟ್ಯಾಂಡಿನ ಹಿಂದ ನಂದು ಗಾದಿ ಅಂಗಡಿ.
ಮದುವಿಗೆ, ಮುಂಜಿವಿಗೆ, ಮಣ್ಣಿಗೆ ಬಂದ ಬೀಗರಿಗೆ
ಬಾಡಿಗಿ ಹಾಸಿಗಿ ಕೊಟ್ಟೀನಿ.
ಚಿಕ್ಕಿ ನೋಡಾಕ ಗಾದಿ ಬೇಕಂತ ಬಂದವರು
ಇವರೊಬ್ಬರ.

ಗದಗ ಕಾಲೇಜಿನ ಮುಳಗುಂದ ಮೇಡಂ, ಭೂಗರ್ಭದ ಪಾಠದವರು,
ಅವರ ಬೆನ್ನಿಗೆ ಹದಿನೈದು ಹುಡುಗರು.
ಮೊದಲು ಎಲ್ಲೋ ದೂರದ ದ್ವೀಪಕ್ಕ ಹೋಗೋದಿತ್ತಂತ:
ಹಗಲಿಗೆ ಹೊಗಿ ಉಗುಳೋ ಬೆಂಕಿಗುಡ್ಡ,
ಮುಂಜಾನೆ ಮಳೆಕಾಡು,
ರಾತ್ರಿ ಸಮುದ್ರದ ದಂಡಿಗೆ ದುರ್ಬೀನು.
ಹುಬ್ಬಳ್ಳಿ ಟ್ರಾವೆಲ್ಸಿನವ ತಲಿಗೆ ಎರಡು ಲಕ್ಷ ಹೇಳಿದ್ದಕ್ಕ
ಮೇಡಂ ಬಣ್ಣದ ಹಾಳಿ ಮಡಚಿ ಬ್ಯಾಗಿನಾಗಿಟ್ಟು ಅಂದರಂತ,
"ಮೂರೂ ನಮ್ಮ ಕಪ್ಪತಗುಡ್ಡದಾಗ ಅದಾವು, ನಡ್ರಿ."

ಟೆಂಪೋ ನಂದ. ಮಾಲಿನ ಕೂಡ ನಾನೂ ಏರಿದೆ.
ಡೋಣಿ ದಾಟಿ, ಏರಿನಾಗ ಎಂಜಿನ್ ತೇಕಿ ತೇಕಿ ನಿಂತಾಗ
ಮೈಲಾರಿ ಅನ್ನೋ ಹುಡುಗ ಬಂಡಿಗಲ್ಲಿನ ಮರಿಗೆ ಹೋಗಿ ಬಂದು ಕೇಳಿದ,
"ಎಲ್ಲೈತ್ರೀ ಮೇಡಂ, ಜ್ವಾಲಾಮುಖಿ?"
"ಈಗ ಉಚ್ಚಿ ಹೊಯ್ದು ಬಂದಿಯಲ್ಲ, ಅದ."

ಹೊತ್ತು ಮುಳುಗೂಕಿಂತ ಮೊದಲು ಹಳ್ಳದ ಕೊರಕಲಿಗೆ ಇಳಿಸಿದರು.
ಗ್ವಾಡಿಯಂಥ ಕಲ್ಲು. ಹಸರುಗಪ್ಪು. ತಣ್ಣಗ.
ಇನ್ನೂರೈವತ್ತು ಕೋಟಿ ವರ್ಷದ ಹಿಂದ
ಸಮುದ್ರದ ತಳ ಸೀಳಿ ಬಂದ ಬೆಂಕಿರಸ;
ನೀರು ತಾಗಿ ಮ್ಯಾಲಿನ ತೊಗಲು ಗಟ್ಟಿ, ಒಳಗ ಇನ್ನೂ ಕುದಿ;
ಉಬ್ಬಿ, ಒಡದು, ಬಾಜೂಕ ಇನ್ನೊಂದು.
"ಇದಕ್ಕ ದಿಂಬು ಅಂತೀವಿ," ಅಂದರು.

ದಿಂಬು!
ಬೀಡಿ ಚೆಲ್ಲಿ ಹತ್ತಿರ ಹೋದೆ.
ಮೂರು ತಲಿಯಿಂದ ನಮ್ಮ ಮನಿತನದ ಕೆಲಸ ಅದು.
ಕೈಯಾಡಿಸಿದೆ. ಹೊಲಗಿ ಇಲ್ಲ, ಗಲೀಫಿಲ್ಲ,
ಅಂಗಡಿ ಮೂಲ್ಯಾಗ ಒಟ್ಟಿದಂಗ
ಒಂದರ ಮ್ಯಾಲೊಂದು ಕುಂತಾವು.

ಮೇಡಂ ಹುಡುಗರನ್ನ ಕೇಳಿದರು:
"ಈ ಗುಡ್ಡ ಆಮ್ಯಾಲ ಮಡಚೇತಿ, ವಾಲೇತಿ.
ಆವತ್ತಿನ ಆಕಾಶ ಯಾವ ಕಡಿಗಿತ್ತು?"
ನೋಟ್‌ಬುಕ್ಕಿನ ಹಾಳಿ ಸಪ್ಪಳಷ್ಟ.
ನನಗ ತಡೀಲಿಲ್ಲ.
"ಅಕ್ಕಾರ, ದಿಂಬು ಒಟ್ಟಿದರ
ಬೆನ್ನು ಮ್ಯಾಲ ದುಂಡಗಿರತೈತಿ,
ಕೆಳಗಿನೆರಡರ ಸಂದಿನಾಗ ಬಾಲ ಇಳೀತೈತಿ.
ಇವುಗಳ ಬಾಲ ಎಲ್ಲಾ ಪಡುವಣಕ್ಕ ಅದಾವು.
ಅಂದಮ್ಯಾಲ ಆಕಾಶ ಮೂಡಲಕ್ಕಿತ್ತು.
ಆ ಜಾಲಿಗಿಡದ ಕಡೆ."

ಅವರು ಕನ್ನಡಕ ತಗದು, ಒರಸಿ, ಹಾಕ್ಕೊಂಡು,
ನನ್ನ ಹೆಸರು ಕೇಳಿ ತಮ್ಮ ವಹಿದಾಗ ಬರಕೊಂಡರು.

ಎಳ್ಳಮಾಸಿ ಕತ್ತಲಿ.
ಗಂಟು ಬಿಚ್ಚಿದರು: ಸಜ್ಜಿರೊಟ್ಟಿ, ಪುಂಡಿಪಲ್ಯ, ಶೇಂಗಾಹೋಳಿಗಿ.
ಗುಡ್ಡದ ನೆತ್ತಿ ಮ್ಯಾಲ ಗಾಳಿಫ್ಯಾನಿನ ಕೆಂಪು ದೀಪ
ಹತ್ತಿ ಆರಿ, ಹತ್ತಿ ಆರಿ
ಚಿಕ್ಕಿ ಎಣಿಸೋರ ಲೆಕ್ಕ ತಪ್ಪಸತಿದ್ದವು.
ಪ್ರತೀಕ್ಷಾ ಅನ್ನೋ ಹುಡುಗಿ ನನ್ನನ್ನೂ ದುರ್ಬೀನಿಗೆ ಕರದಳು.
ಮೃಗಶಿರದ ಮೂರು ಚಿಕ್ಕಿ ಕೆಳಗ ಒಂದು ಮಸುಕು.
"ಚಿಕ್ಕಿ ಹುಟ್ಟೋ ಜಾಗಾರೀ ಕಾಕಾ."
ನಾ ಕಂಡದ್ದು
ಅಪ್ಪ ಕಮಾನು ಮಿಡದಾಗ
ಕಂದೀಲ ಬೆಳಕಿನಾಗ ಏಳತಿದ್ದ ಅರಳಿ ಧೂಳು.
ಅದ ಧೂಳು ಎದಿಯಾಗ ಕುಂತು ಅವನ್ನ ಒಯ್ದದ್ದು
ಹುಡುಗಿಗೆ ಹೇಳಲಿಲ್ಲ.

ನಸುಕಿನ ನಾಕೂವರಿಗೆ
ತೆಂಕಣದ ಅಂಚಿಗೆ ವಾರಿಯಾಗಿ ತ್ರಿಶಂಕು.
"ಇದನ್ನ ನೋಡಾಕ ಅಲ್ಲಿಗೆ ಹೋಗೋರಿದ್ವಲ್ಲ,"
ಅಂದ ಮೈಲಾರಿ, ಚಾದರದೊಳಗಿಂದ.

ಮಳೆಕಾಡೊಂದು ಬಾಕಿ ಇತ್ತು.
ಅದು ತಾನ ಬಂತು, ಮಲಗಿದಲ್ಲಿಗೆ:
ಫ್ಯಾನು ಕಾಣದಂಗ, ಕೈ ಕಾಣದಂಗ ಇಬ್ಬನಿ,
ಎಲಿಯಿಂದ ಎಲಿಗೆ ತೊಟ್ಟು,
ಔಷಧದವರಿಗಷ್ಟ ಹೆಸರು ಗೊತ್ತಿರೋ ಗಿಡಗಳ ಘಾಟು.
ಎಲ್ಲಾ ಸೇರಿ ಹದಿನಾರೂ ಗಾದಿಗೆ ಇಳದು
ಒಂದೊಂದು ಎತ್ತಾಕ ಇಬ್ಬಿಬ್ಬರು ಬೇಕಾದರು.

ಬಿಲ್ಲು ಬರದೆ:
ಗಾದಿ ಹದಿನಾರು, ರಾತ್ರಿ ಒಂದು.
ದಿಂಬು: ಸ್ಥಳದಲ್ಲೇ ಇದ್ದವು.
ತೋಯಿಸಿದ್ದಕ್ಕ ಹೆಚ್ಚಿಗಿ ಹಿಡೀಲಿಲ್ಲ.

ಮೂರು ದಿನ ಮಾಳಿಗಿ ಮ್ಯಾಲ ಒಣಗಿಸೀನಿ.
ಒಂದರಾಗ ಮಾತ್ರ ಇನ್ನೂ ಗುಡ್ಡದ ವಾಸನಿ ಐತಿ.
ಗಿರಾಕಿಗೆ ಕೊಟ್ಟರ ಬೈತಾರ.
ನಾನ ಮಲಗತೀನಿ,
ತಲಿ ಮೂಡಲಕ್ಕ ಮಾಡಿ.