ತೊಂಬತ್ತಾರಕ್ಕೆ ಬೇರೆ ಹೆಸರಿಲ್ಲ

ಲಗ್ಗೆರೆಯ ಶಾಲೆಗೆ ನಾನು ಬಂದ ಮೊದಲ ಸೋಮವಾರ,
ಐದನೇ ಬಿ. ಹಾಜರಿ ಪುಸ್ತಕದಲ್ಲಿ ಬೇರೆ ಯಾರದೋ ಕೈಬರಹ.
ಮುಖ ಗುರುತಾಗಲಿ ಎಂದು
ಒಬ್ಬೊಬ್ಬರೇ ಎದ್ದು ಹೆಸರು ಹೇಳಿ, ಅಂದೆ.
ಒಳ್ಳೆಯದಕ್ಕೇ ಅಂದದ್ದು.

ಕಿಟಕಿ ಬದಿಯ ಹುಡುಗ ತೊಡೆಯ ಮೇಲೆ ಬೆರಳಿಟ್ಟು
ಎಣಿಸುತ್ತಿದ್ದ: ಇನ್ನು ಏಳು ಜನ, ಇನ್ನು ಆರು.
ಹನ್ನೊಂದು ವರ್ಷ ಪಾಠ ಮಾಡಿದ ಕಣ್ಣಿಗೆ
ಆ ಎಣಿಕೆ ಬೀಳಲಿಲ್ಲ.
ಸಂಜೆ, ಮನೆಗೆ ಹೋಗುವ ಬಸ್ಸಿನಲ್ಲಿ ಬಿತ್ತು.

ಎದ್ದ. ತ್, ಅಂದ.
ನಾಲಗೆ ಹಲ್ಲಿನ ಹಿಂದೆ
ಅರ್ಧಕ್ಕೇ ಕಚ್ಚಿಕೊಂಡ ಅಂಗಡಿಯ ಶಟರು.
ತ್. ತ್.
ಹಿಂದೆ ಯಾರೋ ಕಿಸಕ್ಕೆಂದರು.
ಹೊರಗೆ ನೀರಿನ ಟ್ಯಾಂಕರೊಂದು ರಿವರ್ಸ್ ಹೋಗುತ್ತ
ಕುಂಯ್ ಕುಂಯ್ ಎನ್ನುತ್ತಲೇ ಇತ್ತು.

ಪಟ್ಟಿ ನೋಡಿ ನಾನೇ ಹೇಳಿಬಿಡೋಣವೆಂದು ಬಾಯಿ ತೆರೆದೆ.
ಅವನು ಕೈ ಎತ್ತಿದ, ಸಿಗ್ನಲ್ಲಿನ ಪೊಲೀಸಿನ ಹಾಗೆ:
"ಇರಿ ಮಿಸ್, ಬರ್ತಾ ಇದೆ.
ಜಾಲಹಳ್ಳಿ ಕ್ರಾಸಲ್ಲಿ ಸಿಕ್ಕಾಕ್ಕೊಂಡಿದೆ."

ಇಡೀ ಕ್ಲಾಸು ನಕ್ಕಿತು.
ಈ ಸಲದ ನಗುವಿಗೆ ಯಜಮಾನ ಅವನೇ.
ನಗು ಇಳಿಯುವ ಮೊದಲೇ, ಉಸಿರಿನ ಬಾಲ ಹಿಡಿದು
ಬಂದಿತು: ತಿಪ್ಪೇಶ.
"ನಮ್ಮಜ್ಜಂದೂ ಅದೇ," ಎಂದು ಸೇರಿಸಿ ಕೂತ.

ಬರಬರುತ್ತ ಗುಟ್ಟು ತಿಳಿಯಿತು.
ತಂಗಿ ಅನ್ನುವುದಿಲ್ಲ, ನಮ್ಮನೆ ಸಣ್ಣೋಳು.
ತಿಂಡಿಗೆ ನಾಷ್ಟಾ.
ತಲೆನೋವಾದರೆ ನೆತ್ತಿ ಸಿಡೀತದೆ.
ಚಿತ್ರ ತೋರಿಸಿದಾಗ ಎಲ್ಲರೂ ತಾವರೆ ಎಂದು ಕೂಗಿದರು,
ಇವನೊಬ್ಬ, ನಿಧಾನಕ್ಕೆ, "ನಳಿನ."
ಎಲ್ಲಿ ಕಲಿತೆಯೋ? ಭುಜ ಹಾರಿಸಿದ.
ಅಗೆದುಹಾಕಿದ ರಸ್ತೆಗಳ ಊರಲ್ಲಿ ಬೆಳೆದವನಿಗೆ
ಗಲ್ಲಿ ಗಲ್ಲಿಯೂ ಗೊತ್ತು.

ಎಲ್ಲ ದಿನವೂ ಹೀಗಲ್ಲ.
ಗಣಿತದ ಸರ್ ರಜೆ, ಮಗ್ಗಿ ಕೇಳುವ ಸರದಿ ನನ್ನದು.
ಹನ್ನೆರಡೆಂಟ್ಲ?
ತೊಂಬತ್ತಾರಕ್ಕೆ ಬೇರೆ ಹೆಸರಿಲ್ಲ.
ಜಾಲಹಳ್ಳಿಯೂ ನೆರವಿಗೆ ಬರಲಿಲ್ಲ, ಕಣ್ಣು ತುಂಬಿತು,
ಕೇಳದೆಯೇ ಎದ್ದು ನಲ್ಲಿಯತ್ತ ಹೋದ.
ಬೆಂಚಿನ ಜೊತೆಗಾತಿ ನಾಜಿಮಾ ಅವನ ಪೆನ್ಸಿಲ್ ಚೂಪು ಮಾಡಿಟ್ಟಳು,
ಯಾಕೆಂದು ಅವಳಿಗೂ ಗೊತ್ತಿರಲಿಕ್ಕಿಲ್ಲ.

ವಾಪಸು ಬಂದ. ಮುಖ ತೊಳೆದದ್ದು, ಕಾಲರು ಒದ್ದೆ.
"ಮಿಸ್, ಬರೆದು ತೋರಿಸ್ಲಾ?"

ಚಾಕ್‌ಪೀಸ್ ಕೊಟ್ಟೆ.
ಒಂಬತ್ತನ್ನೂ ಆರನ್ನೂ
ಕರಿಹಲಗೆಯ ಅರ್ಧದಷ್ಟು ದೊಡ್ಡದಾಗಿ ಬರೆದ.

ನಿನ್ನೆ ಹೆಡ್ ಸರ್ ಫೋನು:
ಅಂಕಪಟ್ಟಿ ಎಲ್ಲಿ, ಇನ್ನೂ ಬಂದಿಲ್ಲ?
ಗಂಟಲು ಒಣಗಿತು, ಹಳೆಯ ಅಭ್ಯಾಸ.
ಇರಿ ಸರ್, ಅಂದೆ,
ಬರ್ತಾ ಇದೆ.