ಹೆಗಲು

ಅಡೋರ್ಯಾನ್ ಬಂದದ್ದು ಕೈಗಾಡಿಯಲ್ಲಿ ಡಬಲ್ ಬಾಸ್ ಮಲಗಿಸಿಕೊಂಡು,
ಕಂಬಳಿ ಹೊದಿಸಿ, ಹೆರಿಗೆಗೆ ಕರೆತಂದವನ ಹಾಗೆ.
ರೆಗಿನ್ ಪೇಟೆಯ ತುಂಬ ಪಿಟೀಲು ಮಾಡುವವರೇ;
ಈ ಗಾತ್ರಕ್ಕೆ ಮಾತ್ರ ನನ್ನ ಬಾಗಿಲು.

"ಇದರ ಹೆಗಲು ಕೊಯ್ದುಬಿಡು, ಎಮೆಶೆ.
ಮೇಲಿನ ಸ್ವರಕ್ಕೆ ಕೈ ಎಟುಕುತ್ತಿಲ್ಲ.
ನನ್ನ ಹೆಗಲೇ ಬಿದ್ದುಹೋಗಿದೆ."

ಗೆಣ್ಣಿನಿಂದ ತಟ್ಟಿದೆ.
ಚಪ್ಪಟೆ ಬೆನ್ನು, ಮಾತು ತಟಕ್ಕನೆ ಆಡುತ್ತದೆ,
ಉಬ್ಬು ಬೆನ್ನಿನವರಂತೆ ಒಳಗೇ ಹೊರಳಾಡಿಸಿ ಅಲ್ಲ.
ಜನವರಿಯ ಒಲೆಬಿಸಿಗೆ ಸೇದಿಕೊಂಡು
ಒಳಪಟ್ಟಿಯೊಂದು ಬಿಟ್ಟಿದೆ;
ದಪ್ಪ ತಂತಿ ಮೀಟಿದರೆ ಜೀರುಂಡೆ.
ಎದೆಗೂ ಬೆನ್ನಿಗೂ ನಡುವೆ ನಿಂತ ಕಡ್ಡಿಗೆ
ನಮ್ಮ ಹಂಗೇರಿಯನ್ನಿನಲ್ಲಿ ಆತ್ಮ ಎಂದೇ ಹೆಸರು.
ಕೂದಲೆಳೆ ಸರಿದರೂ ಮುನಿಸು.

"ಹೆಗಲು ಇಳಿಸಿದರೆ
ಒಳಗಿನ ಗಾಳಿ ನಾಲ್ಕು ಸೇರಾದರೂ ಕಮ್ಮಿ," ಎಂದೆ,
"ಆ ತಳದ ಗುಡುಗು ಮತ್ತೆ ಸಿಕ್ಕದು."
"ಮದುವೆ ಮನೆಯಲ್ಲಿ ಕುಡಿದವರು
ಗಾಳಿ ಅಳೆಯುತ್ತಾರೆಯೆ?"

ನನಗೆ ಗರಗಸ ಎತ್ತಲು ಮನಸ್ಸಿಲ್ಲ.
ಪಟ್ಟಿ ಅಂಟಿಸೋಣ ಮೊದಲು, ಎಂದು
ದೀಪ ಹಚ್ಚಿ ಕನ್ನಡಿ ಇಳಿಸಿದೆ ಹೊಟ್ಟೆಯೊಳಗೆ.

ಹೆಗಲ ಸಂದಿಯಲ್ಲಿ ಹಳೆಯ ಕೊಯ್ತ.
ಪಕ್ಕದಲ್ಲಿ ಸೀಸದಕಡ್ಡಿಯ ಇಸವಿ, ೧೯೩೧,
ಹೆಸರಿಲ್ಲ.
ಯಾರ ತೋಳೋ ಆಗಲೂ ಸೋತಿತ್ತು.
ಇಷ್ಟು ವರ್ಷ ನಾವು ಇದರ ಹುಟ್ಟುದನಿ ಎಂದದ್ದು
ಒಮ್ಮೆ ಕೊಯ್ಸಿಕೊಂಡ ಮೈಯದು.

ಅವನಿಗೂ ತೋರಿಸಿದೆ. ಬಹಳ ಹೊತ್ತು ಬಗ್ಗಿ ನೋಡಿದ,
ಬಾವಿಗೆ ಬಿದ್ದ ಕೊಡ ಹುಡುಕುವವನ ಹಾಗೆ.

"ಎಲ್ಲಿಗೆ ಎಟುಕುತ್ತದೆ, ಎತ್ತು," ಎಂದೆ.
ನಡುಗುತ್ತ ಎತ್ತಿದ.
ಅಲ್ಲಿಗೆ ಗೆರೆ ಎಳೆದೆ,
ಕೆಳಗೆ ಇಸವಿ ಬರೆದೆ.