ಅಳತೆ ಚೀಟಿ

ಗೇಟಿನ ಕಮಾನಿನ ಮೇಲೆ ಈಗ ಉಳಿದಿರುವುದು
'ಸ್ಪತ್ರೆ' ಅಷ್ಟೇ.
ಮೊದಲಿನ 'ಆ' ಯಾವ ಲಾರಿ ತಾಗಿ ಉದುರಿತೋ.
ಒಳಗೆ ಮತಪೆಟ್ಟಿಗೆಗಳ ದಾಸ್ತಾನು,
ಒಬ್ಬ ಹೋಂಗಾರ್ಡು, ಅವನ ಟಿಫಿನ್ ಕ್ಯಾರಿಯರ್ರು.

ನನಗೆ ಗೊತ್ತಿದ್ದ ಮಂಡ್ಯದ ಆಸ್ಪತ್ರೆ
ಒಂದು ಕಿಟಕಿ ಮಾತ್ರ.
ಕಿಟಕಿಯೊಳಗೆ ಕಾಂಪೌಂಡರ್ ಚಿಕ್ಕಲಿಂಗಯ್ಯ,
ಪಕ್ಕದ ಸ್ಟೂಲಿನ ಮೇಲೆ ನಾನು,
ಒಂಬತ್ತು ವರ್ಷ, ಬೇಸಿಗೆ ರಜೆ,
ಕೈಯಲ್ಲಿ ಕತ್ತರಿ.

ಬಾಟಲಿ ಜನವೇ ತರಬೇಕು. ತರುತ್ತಿದ್ದರು:
ಹರಳೆಣ್ಣೆಯದು, ಬ್ರಾಂದಿಯದು,
ಗೋಲಿಸೋಡದ್ದನ್ನೇ ತಂದವನೂ ಒಬ್ಬ.
ತೊಳೆದು ತಂದವರು ಕಡಿಮೆ.
ಕೆಂಪು ಮಿಕ್ಸ್ಚರು ಹೊಯ್ದು ಅವರು ಕೈ ಚಾಚಿದರೆ
ಆರು ಮಡಿಕೆ ಮಡಿಸಿ, ಎರಡೂ ಬದಿ ಹಲ್ಲು ಕತ್ತರಿಸಿ,
ಮೈದಾ ಅಂಟು ಸವರಿ ನಾನು ಕೊಡಬೇಕು
ಅಳತೆ ಚೀಟಿ,
ಬಾಟಲಿಗೆ ಒರಗಿಸಿದ ಕಾಗದದ ಏಣಿ.
ಹೊತ್ತಿಗೊಂದು ಮೆಟ್ಟಿಲು ಇಳಿದರೆ
ಜ್ವರವೂ ಇಳಿಯುತ್ತದೆ.

ಕಾಗದ ಎಲ್ಲಿಯದು ಅಂತ ಯಾರೂ ಕೇಳಲಿಲ್ಲ.
ಮೆಟ್ಟಿಲ ಕೆಳಗೆ ಅಟ್ಟಿಯಾಗಿತ್ತು: ಹಳೇ ರಿಜಿಸ್ಟರು,
ನಾಲೆಗೆ ನೀರು ಬಿಟ್ಟ ಕಾಲದ್ದು,
ನೀರಿನ ಹಿಂದೆಯೇ ಚಳಿಜ್ವರ ಬಂದ ಕಾಲದ್ದು.
ಒಂದು ಮಗ್ಗುಲು ಖಾಲಿ. ದಪ್ಪ ಕಾಗದ. ಕತ್ತರಿಗೆ ಹಿತ.
ಬರೆದ ಮಗ್ಗುಲನ್ನು ಗಾಜಿಗೆ ಅಂಟಿಸುತ್ತಿದ್ದೆ.
ಹೀಗೆ ಹನಕೆರೆಗೆ, ಬೂದನೂರಿಗೆ, ಯಲಿಯೂರಿಗೆ
ಗಾಡಿ ಹತ್ತಿ ಹೋದವು ಹಳೇ ಜ್ವರಗಳು
ಹೊಸ ಜ್ವರದ ಔಷಧಿ ಹೊತ್ತು.

ಒಂದು ಶನಿವಾರ, ಫ್ಯಾಕ್ಟರಿ ಕೂಗಿದ ಮೇಲೆ,
ಕಿಟಕಿ ಮುಚ್ಚುವ ಹೊತ್ತಿಗೆ ಕೆಂಪಸಿದ್ದಮ್ಮ ಬಂದಳು.
ಅರ್ಧ ಉಳಿದ ಬಾಟಲಿಯನ್ನು ಬೆಳಕಿಗೆ ಹಿಡಿದಳು.
ಕೆಂಪಿನಾಚೆ ದಪ್ಪಗೆ ಊದಿದ ಅಕ್ಷರ.
"ನಮ್ಮ ಐದ ಓದ್ದ ಕನಪ್ಪ. ದೊಡ್ಡಬೋರಿ, ಗಂಡ ಕುಳ್ಳಯ್ಯ.
ನಮ್ಮವ್ವ ಅದು.
ನಾನಿನ್ನೂ ಮೊಲೆಕೂಸಂತೆ, ಗಾಡೀಲಿ ಆಕ್ಕಂಡು ಬಂದ್ರಂತೆ ಇಲ್ಲೀಗೆ.
ಯಾವತ್ತು ವೋದ್ಲು ಅಂತ ಬರ್ದಿರಬೇಕಲ್ಲ?
ಎಡೆ ಇಕ್ಕಕ್ಕೆ ಒಂದಿನ ಬ್ಯಾಡ್ವಾ?"

ಬರೆದಿತ್ತು.
ತಾರೀಕಿನ ಕಾಲಮ್ಮಿನ ಮೇಲೇ
ನನ್ನ ಕತ್ತರಿ ಹಾದಿತ್ತು.

ಚಿಕ್ಕಲಿಂಗಯ್ಯ ಬುಟ್ಟಿ ಬೋರಲು ಹಾಕಿದರು. ಕೆದಕಿದರು.
ಸಿಕ್ಕಿದ್ದು ಮುಮ್ಮೂಲೆ ಚೂರುಗಳು,
ಬೇರೆ ಯಾರದೋ ಸೋಮವಾರ, ಯಾರದೋ ವಯಸ್ಸು.
ನನ್ನ ಕಡೆ ನೋಡಲಿಲ್ಲ.
ಉಳಿದದ್ದನ್ನು ಕುಡಿದುಬಿಡಮ್ಮ, ಜ್ವರ ಇದೆ, ಅಂದರು.
"ಇಲ್ಲ ಬುಡಿ ಸ್ವಾಮಿ,
ಔಸ್ದಿ ಇಳಿದ್ರೆ ಅಕ್ಸರ ಸಣ್ಣಗಾಯ್ತದೆ."

ಮೊನ್ನೆ ಮಾನಸಗಂಗೋತ್ರಿಯಿಂದ ಒಬ್ಬ ಹುಡುಗಿ ಬಂದಿದ್ದಳು,
ಆಸ್ಪತ್ರೆಯ ಚರಿತ್ರೆ ಬರೆಯುತ್ತಾಳಂತೆ.
ಹಳೇ ರಿಜಿಸ್ಟರುಗಳು ಏನಾದವು ಸಾರ್?
ಗೆದ್ದಲು ತಿಂತಮ್ಮ, ಅಂದೆ.
ಅವಳು ಅದನ್ನೇ ಬರೆದುಕೊಂಡಳು.
ನನ್ನ ಜೇಬಿನೊಳಗೆ ಬಸ್ ಟಿಕೆಟ್ಟು
ಆರು ಮಡಿಕೆಯಾಗಿತ್ತು.